ನ್ಯಾಯಾಲಯದ ತೆರೆದ ಬಾಗಿಲು

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಮ್ಮ ನಾಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತಿದವರ ಪಾಡನ್ನು ಕುರಿತು ಹುಟ್ಟಿದ ಮಾತಿದು. ದಾವೆಯಲ್ಲಿ ಗೆದ್ದವನೂ ವರ್ಷಗಟ್ಟಲೆ ಅಲೆದು, ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಂಡು ಸೋತವನಂತೆಯೇ ಆಗಿರುತ್ತಾನೆಂಬುದು ಇದರ ತಾತ್ಪರ್ಯ. ವಿಳಂಬದಿಂದ ನೊಂದ ಜನರ ಈ ಅಳಲನ್ನು ಹೋಗಲಾಡಿಸುವ ಬಗೆ ಯಾವುದು?

ತೀರ್ಪು ನೀಡುವವರು ನ್ಯಾಯಾಧೀಶರು. ಆದರೆ ಆ ತೀರ್ಪಿನ ಹಿಂದೆ ಹಲವರ ದುಡಿಮೆಯಿರುತ್ತದೆ. ದಾವೆಯನ್ನು ಪರಿಶೀಲಿಸುವ ಶಿರಸ್ತೇದಾರರು, ಕಡತಗಳನ್ನು ಕಾಪಾಡುವ ಗುಮಾಸ್ತರು, ಹೇಳಿಕೆಗಳನ್ನು ಬರೆದುಕೊಳ್ಳುವ ಶೀಘ್ರಲಿಪಿಕಾರರು, ಸಮನ್ಸನ್ನು ಮನೆಬಾಗಿಲಿಗೆ ಮುಟ್ಟಿಸುವ ಅಮೀನರು, ಇವರಲ್ಲಿ ಒಬ್ಬರ ಕೆಲಸ ನಿಂತರೂ ಮೊಕದ್ದಮೆ ಮುಂದೆ ಸಾಗದು. ಸಮನ್ಸು ತಲುಪದಿದ್ದರೆ ವಾಯಿದೆ. ಕಡತ ಸಿಗದಿದ್ದರೆ ವಾಯಿದೆ. ಸಾಕ್ಷಿ ಬಾರದಿದ್ದರೆ ಮತ್ತೊಂದು ವಾಯಿದೆ.

ಇಂತಹ ವಿಳಂಬದ ಘೋರಫಲವನ್ನು ದೇಶವು 1979ರಲ್ಲಿ ಕಂಡಿತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ನಡೆಯದೆ ಅನೇಕರು ಬಂಧನದಲ್ಲಿದ್ದ ಸಂಗತಿ ವೃತ್ತಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದಿದ ನ್ಯಾಯವಾದಿ ಕಪಿಲಾ ಹಿಂಗೋರಾಣಿ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ತಮ್ಮ ಮೇಲಿನ ಆರೋಪ ರುಜುವಾತಾಗಿದ್ದರೆ ವಿಧಿಸಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದವರು ಅವರಲ್ಲಿದ್ದರು! ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ಅನುಚ್ಛೇದವು ನೀಡಿರುವ ಜೀವನದ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ‘ಹುಸೇನಾರಾ ಖಾತೂನ್’ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ನ್ಯಾಯಾಲಯವು ಸಾರಿತು.

ವಿಚಾರಣೆ ಮುಗಿದು ಆಜ್ಞೆ ಹೊರಬಿದ್ದರೂ ಸಾಲದು. ಅದು ಸೇರಬೇಕಾದವರನ್ನು ಸೇರಬೇಕು. 2021ರ ಜುಲೈ ತಿಂಗಳಲ್ಲಿ ಆಗ್ರಾ ಸೆರೆಮನೆಯ 13 ಮಂದಿ ಬಂದಿಗಳಿಗೆ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಜಾಮೀನು ನೀಡಿತು. ಆದರೆ ಆಜ್ಞೆಯ ದೃಢೀಕೃತ ಪ್ರತಿ ಅಂಚೆಯ ಮೂಲಕ ಬಂದಿಲ್ಲವೆಂಬ ಕಾರಣದಿಂದ ಬಿಡುಗಡೆ ಕೆಲವು ದಿನ ತಡವಾಯಿತು. ಈ ಯುಗದಲ್ಲಿಯೂ ಆಜ್ಞೆಯನ್ನು ಹೊತ್ತು ತರುವ ಪಾರಿವಾಳಕ್ಕಾಗಿ ಆಕಾಶವನ್ನು ನೋಡುತ್ತಿರಬೇಕೇ ಎಂಬ ಅರ್ಥದಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್. ವಿ. ರಮಣ ಅವರು ವಿಷಾದಿಸಿದರು. ಅದರ ಫಲವಾಗಿ 2022ರಲ್ಲಿ ‘ಫಾಸ್ಟರ್’ ಎಂಬ ವ್ಯವಸ್ಥೆ ರೂಪುಗೊಂಡಿತು. ಜಾಮೀನಿನ ಆಜ್ಞೆ ಈಗ ವಿದ್ಯುನ್ಮಾನ ಮಾರ್ಗದಿಂದ ಸುರಕ್ಷಿತವಾಗಿ ಸೆರೆಮನೆಯನ್ನು ಮುಟ್ಟಬಲ್ಲದು. ಕಾಗದವೊಂದು ತಡವಾದರೆ ಮನುಷ್ಯನ ಸ್ವಾತಂತ್ರ್ಯವೇ ತಡವಾಗುತ್ತದೆಂಬ ಪಾಠವನ್ನು ಈ ಘಟನೆ ಕಲಿಸಿತು.

ನ್ಯಾಯಾಲಯಗಳಿಗೆ ಗಣಕಯಂತ್ರಗಳನ್ನು ಅಳವಡಿಸುವ ಯತ್ನ ಇದಕ್ಕೂ ಮೊದಲೇ ಆರಂಭವಾಗಿತ್ತು. ಇದಕ್ಕಾಗಿ 2004ರಲ್ಲಿ ರಚಿತವಾದ ಸಮಿತಿಗೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸೇವೆ ಸಲ್ಲಿಸಿದ್ದ ನ್ಯಾಯಮೂರ್ತಿ ಜಿ. ಸಿ. ಭರೂಕ ಅವರು ಮೊದಲ ಅಧ್ಯಕ್ಷರಾದರು. ‘ಇ-ಕೋರ್ಟ್ಸ್’ ಯೋಜನೆಯು 2007ರಲ್ಲಿ ಮೊದಲಾಗಿ, ಅದರ ಮೂರನೆಯ ಹಂತಕ್ಕೆ 2023ರಲ್ಲಿ 7,210 ಕೋಟಿ ರೂಪಾಯಿಗಳು ಮಂಜೂರಾದವು. ಇದರಿಂದ ಪ್ರತಿಯೊಂದು ಮೊಕದ್ದಮೆಗೂ 16 ಅಕ್ಷರಾಂಕಗಳ ಗುರುತು ದೊರೆಯುತ್ತದೆ. ಆ ಗುರುತನ್ನು ಬಲ್ಲ ರೈತನು ತನ್ನ ಮುಂದಿನ ವಾಯಿದೆ ಯಾವಾಗ ಎಂಬುದನ್ನು ಊರಿನಲ್ಲಿಯೇ ತಿಳಿಯಬಹುದು. ಅದಕ್ಕಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಪೇಟೆಗೆ ಹೋಗಬೇಕಾಗಿಲ್ಲ. 2015ರಿಂದ ಸಾರ್ವಜನಿಕರಿಗೆ ತೆರೆದಿರುವ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಎಷ್ಟು ಮೊಕದ್ದಮೆಗಳು ಎಷ್ಟು ಕಾಲದಿಂದ ಬಾಕಿಯಿವೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಯಂತ್ರವನ್ನು ತಂದಿರಿಸಿದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ. ಅದನ್ನು ಬಳಸುವ ಕೈಗೆ ಪಳಗಿಕೆ ಬೇಕು. ಗುಮಾಸ್ತನು ಹೆಸರನ್ನೋ ದಿನಾಂಕವನ್ನೋ ತಪ್ಪಾಗಿ ದಾಖಲಿಸಿದರೆ ಯಂತ್ರವು ಆ ತಪ್ಪನ್ನೇ ಎಲ್ಲರಿಗೂ ತೋರಿಸುತ್ತದೆ. ಆದ್ದರಿಂದಲೇ ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ, ಬೆಂಗಳೂರಿನ ಕರ್ನಾಟಕ ನ್ಯಾಯಾಂಗ ಅಕಾಡೆಮಿಗಳಂತಹ ತರಬೇತಿ ಸಂಸ್ಥೆಗಳಿಗೆ ಮಹತ್ವವಿದೆ.

ನ್ಯಾಯವು ಬಹಿರಂಗವಾಗಿ ನಡೆಯಬೇಕೆಂಬುದು ಹಳೆಯ ತತ್ತ್ವ. ವಿಚಾರಣೆಗಳನ್ನು ನೇರವಾಗಿ ಪ್ರಸಾರ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತು, 2022ರ ಸೆಪ್ಟೆಂಬರಿನಿಂದ ಸಂವಿಧಾನ ಪೀಠದ ಕಲಾಪಗಳನ್ನು ದೇಶದ ಜನರ ಕಣ್ಣಮುಂದೆ ತೆರೆದಿರಿಸಿತು. ದೂರವೂ ಒಂದು ಅಡ್ಡಗೋಡೆಯೇ. ಬೀದರಿನ ಕಕ್ಷಿದಾರನೊಬ್ಬನು ಉಚ್ಚ ನ್ಯಾಯಾಲಯಕ್ಕಾಗಿ ಹಿಂದೆ ಬೆಂಗಳೂರಿನವರೆಗೆ ಬರಬೇಕಾಗಿತ್ತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಪೀಠಗಳು ಆರಂಭವಾದ ಮೇಲೆ ಆ ಭಾಗದ ಜನರ ಪ್ರಯಾಸ ತಗ್ಗಿತು. ಭಾಷೆಯೂ ಅಂಥದೇ ಗೋಡೆ. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ತೀರ್ಪುಗಳು ಇಂಗ್ಲಿಷಿನಲ್ಲಿರುತ್ತವೆ. ಅವುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ತರಲು ಯಂತ್ರಾನುವಾದದ ನೆರವನ್ನೂ ಪಡೆಯಲಾಗುತ್ತಿದೆ.

ಹಾಗಾದರೆ ದೂರವಾಣಿಯನ್ನಾಗಲಿ ಗಣಕಯಂತ್ರವನ್ನಾಗಲಿ ಬಳಸಲರಿಯದ ಬಡವನ ಗತಿಯೇನು? ಹೊಸ ಬಾಗಿಲು ತೆರೆಯುವಾಗ ಹಳೆಯ ಬಾಗಿಲು ಮುಚ್ಚಿಹೋಗಬಾರದು. ಇಂಥವರಿಗೆ ನೆರವಾಗಲೆಂದೇ ನ್ಯಾಯಾಲಯಗಳ ಆವರಣದಲ್ಲಿ ಇ-ಸೇವಾ ಕೇಂದ್ರಗಳು ತೆರೆಯುತ್ತಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಬಡವರೂ ಮಹಿಳೆಯರೂ ಮಕ್ಕಳೂ ಬಂಧನದಲ್ಲಿರುವವರೂ ಉಚಿತವಾಗಿ ವಕೀಲರ ನೆರವನ್ನು ಪಡೆಯಬಹುದು. ಇದು ದಾನವಲ್ಲ, ಹಕ್ಕು.

ಸಾಕ್ಷಿಯ ಮಾತಿನಲ್ಲಿ ಸತ್ಯವೆಷ್ಟು ಎಂಬುದನ್ನು ತೂಗಬೇಕಾದವರು ಇಂದಿಗೂ ನ್ಯಾಯಾಧೀಶರೇ. ಯಂತ್ರವು ಅವರ ಕಾಲವನ್ನು ಉಳಿಸೀತು; ಆ ಕಾಲವು ನೊಂದವರ ಮೊರೆಯನ್ನು ಆಲಿಸಲು ಸಲ್ಲಬೇಕು. ಪಳಗಿದ ಸಿಬ್ಬಂದಿ, ತಕ್ಕ ಸಾಧನ, ಎಲ್ಲರಿಗೂ ತೆರೆದ ಬಾಗಿಲು, ಈ ಮೂರೂ ಕೂಡಿಬಂದಂದು ನಮ್ಮ ಹಳೆಯ ಗಾದೆ ಸುಳ್ಳಾದೀತು.