ಮುಳುಗಿಸಿದ ನೀರೇ ಎತ್ತಿತು

ಪ್ರಶ್ನೆ: ಜನರನ್ನು ಮುಳುಗಿಸಿದ ಜಲಪ್ರಳಯವನ್ನು ಕ್ರೈಸ್ತರು ದೀಕ್ಷಾಸ್ನಾನಕ್ಕೆ ಹೋಲಿಸುವುದೇಕೆ? (ಓದುಗರು, ತುರುವೇಕೆರೆ)

ಮಟ್ಟೆ ಸುಲಿಯದ ಒಣಗಾಯಿ ಕೆರೆಗೆ ಬಿದ್ದರೆ ಮುಳುಗುವುದಿಲ್ಲ. ನಾರಿನ ಸಂದಿಯಲ್ಲಿ ಗಾಳಿ ಇರುವುದರಿಂದ ನೀರು ಏರಿದಂತೆ ಕಾಯಿಯೂ ಏರುತ್ತದೆ. ಜಲಪ್ರಳಯದಲ್ಲಿ ತೇಲಿದ ನೋಹನ ನಾವೆಯದೂ ಇದೇ ಕತೆ. 300 ಮೊಳ ಉದ್ದ, ಒಳಗೂ ಹೊರಗೂ ರಾಳ. ಭೂಮಿಯನ್ನು ಮುಳುಗಿಸಿದ ನೀರೇ ಅದನ್ನು ಮೇಲೆತ್ತಿತು ಎನ್ನುತ್ತದೆ ಬೈಬಲಿನ ಆದಿಕಾಂಡ. ಚುಕ್ಕಾಣಿಯ ಮಾತೇ ಅಲ್ಲಿಲ್ಲ, ಗಮನಿಸಿ! ಬಾಗಿಲು ಮುಚ್ಚಿದವನೂ ದೇವರೇ. ನೋಹ ಮಾಡಿದ್ದಿಷ್ಟೇ: ಮಳೆ ಬರುವ ಮೊದಲೇ ದೇವರ ಮಾತು ನಂಬಿ ನಾವೆ ಕಟ್ಟಿದ, ಒಳಹೊಕ್ಕ. ಇಬ್ರಿಯರಿಗೆ ಬರೆದ ಪತ್ರ ಮೆಚ್ಚುವುದು ಈ ನಂಬಿಕೆಯನ್ನು.

ನಾವೆಯಲ್ಲಿದ್ದ ಎಂಟು ಮಂದಿ ನೀರಿನ ಮೂಲಕವೇ ಪಾರಾದರೆಂದು ಪೇತ್ರನ ಮೊದಲ ಪತ್ರ (3:20-21) ಹೇಳಿ, ಅದನ್ನು ದೀಕ್ಷಾಸ್ನಾನಕ್ಕೆ ಜೋಡಿಸುತ್ತದೆ. ಮೈಕೊಳೆ ತೊಳೆಯುವ ಸ್ನಾನವಲ್ಲ ಎಂದೂ ಪೇತ್ರ ಅಲ್ಲೇ ಸೇರಿಸಿದ್ದಾನೆ. ದೀಕ್ಷಾಸ್ನಾನಕ್ಕೆ ಬಲ ಕ್ರಿಸ್ತನ ಪುನರುತ್ಥಾನದಿಂದ.