ಮನೆ ಮಾರಿದ ಮರುದಿನದಿಂದ ಶುರುವಾಗುವ ಕೆಲಸ

ಡಿಸೆಂಬರ್ ಬಂತೆಂದರೆ ಮಂಗಳೂರಿನ ಕುಲಶೇಖರದ ಮನೆಗಳಲ್ಲಿ ವರ್ಷವಿಡೀ ಮುಚ್ಚಿದ್ದ ಕೋಣೆಗಳ ಕಿಟಕಿ ತೆರೆಯುತ್ತದೆ. ದುಬೈ, ಕುವೈತ್, ಮುಂಬೈ, ಟೊರಾಂಟೊ ಕಡೆಯಿಂದ ಮಕ್ಕಳು ಮೊಮ್ಮಕ್ಕಳು ಬಂದಿಳಿಯುತ್ತಾರೆ. ಕೊರ್ಡೆಲ್ ಚರ್ಚಿನಲ್ಲಿ ಕ್ರಿಸ್ಮಸ್ ಬಲಿಪೂಜೆ, ನೆರೆಮನೆಗಳಿಗೆ ಕುಸ್ವಾರ್ ತಿಂಡಿ ಹಂಚುವುದು, ಒಂದೆರಡು ಮದುವೆ. ಜನವರಿ ಎರಡನೇ ವಾರಕ್ಕೆ ಮನೆಯಲ್ಲಿ ಮತ್ತೆ ಇಬ್ಬರೇ, ಕೆಲವೆಡೆ ಒಬ್ಬರೇ. ಹೊರಡುವ ಮುನ್ನಾದಿನ ಊಟದ ಮೇಜಿನಲ್ಲಿ ಒಂದು ಮಾತು ಬಂದೇ ಬರುತ್ತದೆ: “ಪಪ್ಪಾ, ಇನ್ನು ನೀವಿಬ್ಬರೇ ಇಲ್ಲಿ ಹೇಗೆ?”

ನಿವೃತ್ತರಿಗಾಗಿಯೇ ಕಟ್ಟುವ ವಸತಿ ಸಂಕೀರ್ಣಗಳ ವ್ಯವಹಾರ ನಿಂತಿರುವುದು ಈ ಪ್ರಶ್ನೆಯ ಮೇಲೆ. ರಿಟೈರ್‌ಮೆಂಟ್ ಹೋಮ್, ಸೀನಿಯರ್ ಲಿವಿಂಗ್ ಎಂದೆಲ್ಲ ಅದಕ್ಕೆ ಹೆಸರು. ಬಡವರಿಗೆ, ದಿಕ್ಕಿಲ್ಲದವರಿಗೆ ಧರ್ಮಾರ್ಥವಾಗಿ ನಡೆಯುವ ಆಶ್ರಮಗಳು ಮಂಗಳೂರಿಗೆ ಹೊಸತಲ್ಲ. ಜೆಪ್ಪುವಿನ ಪ್ರಶಾಂತ್ ನಿವಾಸದ ಹೆಸರು ಊರಿಗೆಲ್ಲ ಗೊತ್ತು. ಇದು ಬೇರೆ. ಇಲ್ಲಿ ಹಿರಿಯರು ಗಿರಾಕಿಗಳು. ಹಣ ಕೊಟ್ಟು ಮನೆ ಕೊಳ್ಳುತ್ತಾರೆ, ತಿಂಗಳು ತಿಂಗಳು ಹಣ ಕಟ್ಟಿ ಊಟ, ಆರೈಕೆ, ಕಾವಲು ಪಡೆಯುತ್ತಾರೆ.

ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳದ ಕಡೆ ಹೋಗುವ ಹೆದ್ದಾರಿಯ ಮೇಲಿದೆ ಕುಲಶೇಖರ. ಫಾದರ್ ಅಲೆಕ್ಸಾಂಡರ್ ದುಬೊಯಿ 1873ರಲ್ಲಿ ಸ್ಥಾಪಿಸಿದ ಹೋಲಿ ಕ್ರಾಸ್ ಅಥವಾ ಕೊರ್ಡೆಲ್ ಚರ್ಚ್, ಕುಲಾಲರ ವೀರನಾರಾಯಣ ದೇವಸ್ಥಾನ, ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಎಲ್ಲವೂ ಇಲ್ಲೇ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಶುರು ಮಾಡಿದ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ. ಕುಲಶೇಖರದಿಂದ ರಿಕ್ಷಾದಲ್ಲಿ ಹೋಗುವಷ್ಟು ಹತ್ತಿರ. ಹಿರಿಯರಿಗೆ ಬೇಕಾದದ್ದೆಲ್ಲ ಊರಲ್ಲಿದೆ. ತೊಡಕಿರುವುದು ಅವರ ಮನೆಯಲ್ಲಿ.

ಈ ಭಾಗದ ಮನೆಗಳು ಹೆಚ್ಚಿನವು ಮುರಕಲ್ಲಿನ ಗುಡ್ಡ ಕಡಿದು ಮಾಡಿದ ತಟ್ಟುಗಳ ಮೇಲಿವೆ. ರಸ್ತೆಯಿಂದ ಅಂಗಳಕ್ಕೆ ಹತ್ತಾರು ಮೆಟ್ಟಿಲು, ಅಂಗಳದಿಂದ ಜಗಲಿಗೆ ಇನ್ನೆರಡು. ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಅಂಗಳಕ್ಕೆಲ್ಲ ಪಾಚಿ. ಹಿಂದೆ ಮಳೆ ಜೋರಾಗುವ ಮೊದಲೇ ತೆಂಗಿನ ಮಡಲನ್ನೋ ಅಡಿಕೆ ಸೋಗೆಯನ್ನೋ ಬಾವಿಕಟ್ಟೆವರೆಗೆ ಹಾಸಿಬಿಡುತ್ತಿದ್ದರು. ಈಗ ಹಾಸುವ ಕೈ ಇಲ್ಲ. ಎಪ್ಪತ್ತೈದರ ಬಾಯಮ್ಮ ಬೆಳಿಗ್ಗೆ ಗೇಟಿನ ಬಳಿ ನೇತುಹಾಕಿದ ಹಾಲಿನ ಚೀಲ ತರಲು ಇಳಿದು ಜಾರಿದರೆ, ಸೊಂಟದ ಮೂಳೆ ಮುರಿದರೆ, ಆಮೇಲಿನ ಬದುಕು ಬೇರೆಯೇ. ಹಿರಿಯರಿಗಾಗಿ ಕಟ್ಟುವವರು ಮೊದಲು ನೋಡಬೇಕಾದ್ದು ಇದನ್ನು: ಮೆಟ್ಟಿಲಿಲ್ಲದ ದಾರಿ, ಜಾರದ ನೆಲ, ಸ್ಟ್ರೆಚರ್ ಹಿಡಿಯುವ ಲಿಫ್ಟ್. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಮನುಷ್ಯ ಬಿದ್ದರೆ ಆ ದೇಹವೇ ಅಡ್ಡವಾಗಿ ಬಾಗಿಲು ತೆಗೆಯಲಾಗುವುದಿಲ್ಲ. ಕರೆಗಂಟೆಯ ದಾರ ನೆಲಮಟ್ಟದವರೆಗೆ ಇಳಿಬಿದ್ದಿರಬೇಕು. ಬಿದ್ದವರ ಕೈ ಗೋಡೆಯ ಮೇಲಿನ ಸ್ವಿಚ್ಚಿಗೆ ಎಟುಕದು. ಈ ನಾಲ್ಕೈದು ಸಂಗತಿ ನೋಡಿದರೆ ಸಾಕು, ಕಟ್ಟಿದವರಿಗೆ ಮುಪ್ಪಿನ ಪರಿಚಯ ಇದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಈ ವ್ಯವಹಾರಕ್ಕೆ ದೊಡ್ಡ ರೂಪ ಕೊಟ್ಟವರು ಅಮೆರಿಕದ ಬಿಲ್ಡರ್ ಡೆಲ್ ವೆಬ್. ಅರಿಜೋನಾದ ಸನ್ ಸಿಟಿ 1960ರ ಜನವರಿ 1ರಂದು ತೆರೆದಾಗ ಮೊದಲ ವಾರಾಂತ್ಯದಲ್ಲೇ ಸುಮಾರು ಒಂದು ಲಕ್ಷ ಜನ ನೋಡಲು ಬಂದರು. ವೆಬ್ ಮಾಡಿದ ಜಾಣತನದ ಕೆಲಸವೆಂದರೆ ಗಾಲ್ಫ್ ಮೈದಾನ, ಅಂಗಡಿ ಸಾಲು, ಮನರಂಜನಾ ಕೇಂದ್ರಗಳನ್ನು ಮೊದಲು ಕಟ್ಟಿ, ಆಮೇಲೆ ಮನೆ ಮಾರಲು ಹೊರಟದ್ದು. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ 1984ರಲ್ಲಿ ಶುರುವಾದ ರೈಮನ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸ್ವತಂತ್ರವಾಗಿ ಓಡಾಡುವವರ ಮನೆ, ಸಹಾಯ ಬೇಕಾದವರ ಕೋಣೆ, ಹಾಸಿಗೆ ಹಿಡಿದವರ ಆರೈಕೆ, ಮರೆವಿನ ಕಾಯಿಲೆಯವರ ವಿಭಾಗ ಎಲ್ಲವೂ ಒಂದೇ ಆವರಣದಲ್ಲಿ. ಗಂಡನಿಗೆ ಆರೈಕೆ ಬೇಕಾದರೆ ಹೆಂಡತಿ ನಾಲ್ಕು ಹೆಜ್ಜೆ ನಡೆದು ಹೋಗಿ ನೋಡಿಬರಬಹುದು.

ಕರ್ನಾಟಕದಲ್ಲಿ ಈ ವ್ಯವಹಾರ ಹೆಚ್ಚಾಗಿ ಬೆಂಗಳೂರಿನ ಅಂಚಿನಲ್ಲೇ ಬೆಳೆದಿದೆ. ಕನಕಪುರ ರಸ್ತೆಯ ಕಡೆಯ ಸುವಿಧಾ ಮತ್ತು ಪ್ರೈಮಸ್, ದೇವನಹಳ್ಳಿಯ ಬ್ರಿಗೇಡ್ ಆರ್ಚರ್ಡ್ಸ್ ಒಳಗಿನ ಪಾರ್ಕ್‌ಸೈಡ್, ಪುಣೆಯ ಬಿಲ್ಡರ್ ಪರಾಂಜಪೆಯವರು ವೈಟ್‌ಫೀಲ್ಡ್ ಕಡೆಗೆ ತಂದ ಅಥಶ್ರೀ. ಬೇಡಿಕೆ ಏರುವುದರಲ್ಲಿ ಅನುಮಾನವಿಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು 2022ರಲ್ಲಿ 14.9 ಕೋಟಿ; 2050ಕ್ಕೆ 34.7 ಕೋಟಿ ಆಗುವ ಅಂದಾಜು. ಅಂದರೆ ಐವರಲ್ಲಿ ಒಬ್ಬರು.

ಹಣದ ವಿಷಯಕ್ಕೆ ಬರೋಣ. ಮನೆ ಕೊಡುವ ಬಗೆ ಮೂರು: ನೋಂದಣಿ ಮಾಡಿಸಿ ಮಾರುವುದು, ದೊಡ್ಡ ಠೇವಣಿ ಪಡೆದು ಇರುವಷ್ಟು ಕಾಲ ಲೀಸ್‌ಗೆ ಕೊಡುವುದು, ತಿಂಗಳ ಬಾಡಿಗೆಗೆ ಬಿಡುವುದು. ಬಿಲ್ಡರಿಗೆ ಮೊದಲನೆಯದು ಸುಲಭ, ಮಾರಿದೊಡನೆ ಹಾಕಿದ ದುಡ್ಡು ಕೈಗೆ ಬರುತ್ತದೆ. ಆದರೆ ಇಲ್ಲಿನ ಅಸಲು ಕೆಲಸ ಶುರುವಾಗುವುದೇ ಮಾರಿದ ಮರುದಿನ, ಅದು ಮುಂದೆ ಇಪ್ಪತ್ತು ವರ್ಷ ನಿಲ್ಲುವಂತಿಲ್ಲ.

ರಾತ್ರಿ ಹಗಲು ಒಬ್ಬ ನರ್ಸ್ ಇರುತ್ತಾರೆ ಎಂದು ಕರಪತ್ರದಲ್ಲಿ ಒಂದು ಸಾಲು ಬರೆಯುವುದು ಸುಲಭ. ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರು ದುಡಿಯುವುದು 48 ಗಂಟೆ. ಆ ಒಂದು ಕುರ್ಚಿ ತುಂಬಲು ಮೂರೂವರೆ ಜನ ಬೇಕು. ರಜೆ, ಜ್ವರ, ಊರಿನ ಹಬ್ಬ ಸೇರಿಸಿದರೆ ಐವರು. ತಲೆಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಒಂದು ಲಕ್ಷ. ಇನ್ನೂರು ಮನೆಯಿದ್ದರೆ ಮನೆಗೆ 500 ರೂಪಾಯಿ ಬೀಳುತ್ತದೆ, ನಲವತ್ತೇ ಇದ್ದರೆ 2,500. ಆಂಬುಲೆನ್ಸ್ ಚಾಲಕ, ಕಾವಲುಗಾರ, ಅಡುಗೆಯವರು, ಜನರೇಟರ್, ಲಿಫ್ಟಿನ ದುರಸ್ತಿ ಎಲ್ಲದರ ಲೆಕ್ಕವೂ ಹೀಗೆಯೇ. ಅದಕ್ಕೇ ಕಂಪನಿಗಳು ದೊಡ್ಡದಾಗಿ ಕಟ್ಟಲು ನೋಡುತ್ತವೆ, ದೊಡ್ಡ ಜಾಗ ಹುಡುಕಿಕೊಂಡು ಊರಿನಿಂದ ದೂರ ಹೋಗುತ್ತವೆ.

ಮಾರಾಟವಾದ ಮನೆಯೆಲ್ಲ ತುಂಬುವುದೂ ಇಲ್ಲ. ಐವತ್ತರ ಹೊತ್ತಿಗೇ ‘ಮುಂದಕ್ಕೆ ಇರಲಿ’ ಎಂದು ಕೊಂಡು ಬೀಗ ಹಾಕಿಟ್ಟವರು ಅನೇಕ. ಅವರಿಂದ ಮೇಂಟೆನೆನ್ಸ್ ಬರಬಹುದು, ಆದರೆ ಊಟಕ್ಕೆ ಜನ ಇಲ್ಲ. ನೂರು ಮನೆಗೆಂದು ಸಜ್ಜಾದ ಅಡುಗೆಮನೆ ಮೂವತ್ತು ಜನಕ್ಕೆ ಬಡಿಸಿದರೆ ಊಟದ ರೇಟು ಏರುತ್ತದೆ, ರುಚಿ ಇಳಿಯುತ್ತದೆ. ಸಂಜೆ ಕೇರಂ ಆಡಲು ನಾಲ್ಕನೆಯವರು ಸಿಗುವುದಿಲ್ಲ. ನೋಡಲು ಹೋದವರು ಎಷ್ಟು ಮನೆ ಮಾರಾಟವಾಗಿದೆ ಎಂದು ಕೇಳಿ ಸುಮ್ಮನಾಗುತ್ತಾರೆ. ರಾತ್ರಿ ಎಂಟು ಗಂಟೆಗೆ ಹೋಗಿ ಎಷ್ಟು ಕಿಟಕಿಯಲ್ಲಿ ದೀಪ ಇದೆ ಎಂದು ಎಣಿಸುವುದು ಒಳ್ಳೆಯದು.

ತೆರಿಗೆಯಲ್ಲೂ ವ್ಯತ್ಯಾಸವಿದೆ. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆ ಅರವತ್ತು ದಾಟಿದ ನಿವಾಸಿಗಳಿಗೆ ಊಟ ವಸತಿ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ಪಡೆದರೆ ಜಿಎಸ್‌ಟಿ ಇಲ್ಲ ಎಂದು 2018ರಲ್ಲಿ ವಿನಾಯಿತಿ ಬಂತು. ಲಾಭಕ್ಕೆ ನಡೆಸುವ ಕಂಪನಿಗೆ ಆ ವಿನಾಯಿತಿ ಸಿಗುವುದಿಲ್ಲ. ಮುದುಕರ ಆರೈಕೆಯ ಬಿಲ್ಲಿನ ಮೇಲೆ ತೆರಿಗೆ ಹಾಕುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ, ನಡೆಸುವವರು ಯಾರೇ ಆಗಿರಲಿ.

ಬಿಲ್ಲು ವರ್ಷ ವರ್ಷ ಏರುತ್ತದೆ. ವರ್ಷಕ್ಕೆ ಶೇ 8ರಂತೆ ಏರಿದರೆ ಒಂಬತ್ತು ವರ್ಷಕ್ಕೆ ದುಪ್ಪಟ್ಟು: 68ನೇ ವಯಸ್ಸಿನಲ್ಲಿ 20,000 ಕಟ್ಟಿದವರು 77ರಲ್ಲಿ 40,000 ಕಟ್ಟಬೇಕು. ಕುಲಶೇಖರದ ಸುತ್ತಮುತ್ತ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಅವರ ಪಿಂಚಣಿಯ ಮೂಲ ಮೊತ್ತ ನಿವೃತ್ತಿಯ ದಿನ ಎಲ್ಲಿತ್ತೋ ಅಲ್ಲೇ ನಿಂತಿದೆ ಎಂಬುದು ಅವರ ಹಳೆಯ ಗೋಳು. ಗಲ್ಫಿನಿಂದ ಮರಳಿದವರಿಗೆ ಸಾಮಾನ್ಯವಾಗಿ ಪಿಂಚಣಿಯೇ ಇಲ್ಲ, ಎಫ್‌ಡಿ ಬಡ್ಡಿಯೇ ಗತಿ. ಇವರ ದೊಡ್ಡ ಆಸ್ತಿ ಎಂದರೆ ಕೂತಿರುವ ಮನೆ. ಅದನ್ನು ಮಾರದೆ ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಯೋಜನೆ 2007ರಲ್ಲೇ ಬಂದರೂ ಜನರ ನಡುವೆ ಬೇರೂರಲಿಲ್ಲ. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವವರು ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಆಗ ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು.

ಇಲ್ಲಿ ಹಣ ಕೊಡುವವರು, ತೀರ್ಮಾನಿಸುವವರು, ವಾಸ ಮಾಡುವವರು ಒಬ್ಬರೇ ಅಲ್ಲ. ಟೊರಾಂಟೊದ ಮಗನಿಗೆ ಸಿಸಿಟಿವಿ, ಆಸ್ಪತ್ರೆಯ ಜತೆಗಿನ ಒಪ್ಪಂದ, ತಿಂಗಳ ವರದಿ ತೋರಿಸಿ ಒಪ್ಪಿಸಬಹುದು. ತಾಯಿ ಕೇಳುವುದೇ ಬೇರೆ: ಕುಚ್ಚಲಕ್ಕಿ ಗಂಜಿ ಸಿಗುತ್ತದೆಯೇ? ಊಟಕ್ಕೆ ಮೀನು ಇದೆಯೇ? ಬೆಂಗಳೂರು, ಕೊಯಮತ್ತೂರು ಕಡೆಯ ಹಲವು ಸಂಕೀರ್ಣಗಳಲ್ಲಿ ಸಸ್ಯಾಹಾರಿ ಅಡುಗೆ ಮಾತ್ರ. ಬಂಗುಡೆ ಪುಳಿಮುಂಚಿ ಇಲ್ಲದ ಕಡೆ ಉಳಿದ ಆಯುಸ್ಸು ಕಳೆಯಿರಿ ಎಂದು ಮಂಗಳೂರಿನವರಿಗೆ ಹೇಳಿದರೆ ಅವರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಜಾಹೀರಾತಿನ ಬೆಳ್ಳಿಕೂದಲಿನ ದಂಪತಿ, ಹಸಿರು ಹಾಸು, ಯೋಗದ ಚಿತ್ರಕ್ಕಿಂತ ಅಲ್ಲಿ ಆಗಲೇ ವಾಸವಿರುವ ಒಬ್ಬರು ಗೆಳೆಯರಿಗೆ ಫೋನ್ ಮಾಡಿ “ಬನ್ನಿ ಪೊರ್ಬುಗಳೇ, ಚೆನ್ನಾಗಿದೆ” ಎಂದರೆ ಅದೇ ದೊಡ್ಡ ಮಾರಾಟ. ಕೆಲವು ಸಂಸ್ಥೆಗಳು ಅತಿಥಿ ಕೋಣೆಯಲ್ಲಿ ಒಂದೆರಡು ವಾರ ಇದ್ದು ನೋಡಲು ಬಿಡುತ್ತವೆ. ಹಾಗೆ ಬಿಡದವರ ಬಳಿ ಮುಂಗಡ ಕಟ್ಟುವ ಮೊದಲು ಎರಡು ಸಲ ಯೋಚಿಸಬೇಕು.

ಕಾನೂನಿನ ಆಸರೆ ಈ ವ್ಯವಹಾರದಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ ಮನೆ ಕೈಸೇರುವವರೆಗೆ ಕೊಳ್ಳುವವರನ್ನು ಕಾಯುತ್ತದೆ, ಕಟ್ಟಡದ ದೋಷಕ್ಕೆ ಐದು ವರ್ಷ ಬಿಲ್ಡರನ್ನು ಹೊಣೆ ಮಾಡುತ್ತದೆ. ನರ್ಸ್ ಬಾರದ ರಾತ್ರಿಗೆ ಹೊಣೆ ಯಾರು? ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತಿ ಗೃಹಗಳಿಗೆಂದು ಮಾದರಿ ಮಾರ್ಗಸೂಚಿ ಹೊರಡಿಸಿ, ಬಿಲ್ಡರ್, ಸೇವೆ ನೀಡುವ ಸಂಸ್ಥೆ ಮತ್ತು ಮನೆ ಪಡೆಯುವವರ ನಡುವೆ ತ್ರಿಪಕ್ಷೀಯ ಒಪ್ಪಂದ ಇರಲಿ ಎಂದಿತು. ಅದು ಮಾದರಿ ಮಾತ್ರ. ಜಾರಿಗೆ ತರಬೇಕಾದ್ದು ರಾಜ್ಯಗಳು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2024ರಲ್ಲಿ ಹಿರಿಯರ ವಸತಿ ಯೋಜನೆಗಳಿಗೆ ತನ್ನದೇ ನಿಯಮ ತಂದಿತು.

ಕಣ್ಣಿಟ್ಟು ಓದಬೇಕಾದ್ದು ಒಪ್ಪಂದದ ಎರಡು ಜಾಗ. ಒಂದು, ಮನೆ ಬಿಡುವಾಗಿನ ಲೆಕ್ಕ. ನ್ಯೂಜಿಲೆಂಡ್‌ನಲ್ಲಿ ಕಟ್ಟಿದ ಮೊತ್ತದ ಶೇ 20ರಿಂದ 30ನ್ನು ಕಂಪನಿ ಮುರಿದುಕೊಳ್ಳುವುದು ವಾಡಿಕೆ. ಆಸ್ಟ್ರೇಲಿಯಾದಲ್ಲಿ ಇಂಥ ಕಡಿತಗಳ ಕುರಿತ ವರದಿಗಳು 2017ರಲ್ಲಿ ಏವಿಯೊ ಎಂಬ ದೊಡ್ಡ ಕಂಪನಿಯನ್ನೇ ಅಲುಗಾಡಿಸಿದವು. ಇಲ್ಲಿಯೂ ಠೇವಣಿಯಲ್ಲಿ ಎಷ್ಟು ಕಡಿತ, ಮುಂದಿನವರು ಬಂದ ಮೇಲೆ ವಾಪಸೋ ಅಥವಾ ಇಂತಿಷ್ಟು ದಿನದೊಳಗೋ ಎಂಬುದು ಬರಹದಲ್ಲಿರಬೇಕು. ಕೊಂಡ ಮನೆಯಾದರೆ, ತಂದೆ ತಾಯಿ ತೀರಿದ ಮೇಲೆ ನಲವತ್ತೈದರ ಮಗಳಿಗೆ ಅದು ಸೇರುತ್ತದೆ, ಆದರೆ ಸಾಮಾನ್ಯವಾಗಿ ಅವಳು ಅಲ್ಲಿ ವಾಸ ಮಾಡುವಂತಿಲ್ಲ, ಹಿರಿಯರಿಗೇ ಮಾರಬೇಕು.

ಇನ್ನೊಂದು, ಹಾಸಿಗೆ ಹಿಡಿದ ದಿನದ ಮಾತು. ಓಡಾಡುವವರಿಗೆ ಮಾತ್ರ ಪ್ರವೇಶ ಕೊಟ್ಟು, ಏಳಲಾಗದ ದಿನ ಬೇರೆ ವ್ಯವಸ್ಥೆ ನೋಡಿಕೊಳ್ಳಿ ಎನ್ನುವ ಕರಾರಿಗೆ ಅರ್ಥವಿಲ್ಲ. ಜನ ದುಡ್ಡು ಕೊಟ್ಟದ್ದೇ ಆ ದಿನಕ್ಕಾಗಿ. ಮರೆವಿನ ಕಾಯಿಲೆ ಇನ್ನೂ ಕಠಿಣ. ತನ್ನ ಮನೆಯ ಬಾಗಿಲು ಯಾವುದೆಂದು ಮರೆತವರನ್ನು ನೋಡಿಕೊಳ್ಳಲು ಬೇರೆಯೇ ತರಬೇತಿ ಬೇಕು. ಬೆಂಗಳೂರಿನಲ್ಲಿ 1998ರಿಂದ ಕೆಲಸ ಮಾಡುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆಗೆಂದೇ ಕೇಂದ್ರ ನಡೆಸುತ್ತಿದೆ. ನರ್ಸಿಂಗ್ ಕಾಲೇಜುಗಳು ತುಂಬಿರುವ ಮಂಗಳೂರಿನಲ್ಲಿ ಇದಕ್ಕೆ ಬೇಕಾದ ಕೈಗಳಿಗೆ ಬರವಿಲ್ಲ. ವಿದೇಶದ ವಿಮಾನ ಹತ್ತದೆ ಇಲ್ಲೇ ಉಳಿಯುವಷ್ಟು ಸಂಬಳ ಕೊಡಬೇಕು, ಅಷ್ಟೆ.

ಕುಲಶೇಖರದಲ್ಲಿ ಬೆಲೆ ಹೆಚ್ಚು, ಗುರುಪುರ ದಾಟಿದರೆ ಅಗ್ಗ ಎಂದು ಲೆಕ್ಕ ಹಾಕುವ ಬಿಲ್ಡರಿಗೆ ಒಂದು ಮಾತು ಹೇಳಬೇಕು. ಇಲ್ಲಿನ ಹಿರಿಯರು ತಾವು ಮದುವೆಯಾದ ಚರ್ಚಿನ ಗಂಟೆ ಕೇಳುವಷ್ಟು ದೂರದಲ್ಲಿ ಇರಬೇಕೆನ್ನುತ್ತಾರೆ, ಅದೇ ಚರ್ಚಿನ ಸಿಮಿತರಿಯಲ್ಲಿ ಮಣ್ಣಾಗಬೇಕೆನ್ನುತ್ತಾರೆ. ವೀರನಾರಾಯಣನ ಉತ್ಸವಕ್ಕೆ ನಡೆದು ಹೋಗಬೇಕು ಎನ್ನುವವರ ಮನಸ್ಸೂ ಅದೇ. ಎಪ್ಪತ್ತು ವರ್ಷದ ಪರಿಚಯದ ಜನರಿಂದ ಮೂವತ್ತು ಕಿಲೋಮೀಟರ್ ದೂರದ ಗುಡ್ಡದ ಮೇಲೆ ಎಷ್ಟೇ ಅಂದವಾಗಿ ಕಟ್ಟಿಕೊಟ್ಟರೂ ಅವರಿಗೆ ಅದು ಪರವೂರು.

ಆದ್ದರಿಂದ ಇಲ್ಲಿಗೆ ಹೊಂದುವುದು ನಲವತ್ತೈವತ್ತು ಮನೆಯ ಚಿಕ್ಕ ಸಂಕೀರ್ಣ. ಚಿಕ್ಕದಾದರೆ ನರ್ಸಿನ ಕುರ್ಚಿ ದುಬಾರಿ ಎಂಬುದನ್ನು ಆಗಲೇ ನೋಡಿದೆವು. ಆ ಖರ್ಚು ಹಂಚಿಕೊಳ್ಳಲು ಆವರಣದೊಳಗಿನವರೇ ಆಗಬೇಕೆಂದಿಲ್ಲ. ಸುತ್ತಲಿನ ಹಳೆಮನೆಗಳಲ್ಲಿ ಒಂಟಿಯಾಗಿರುವವರೂ ಚಂದಾ ಕಟ್ಟಿ ಅದೇ ಅಡುಗೆಮನೆಯಿಂದ ಮಧ್ಯಾಹ್ನದ ಊಟ, ಅದೇ ನರ್ಸಿನ ವಾರದ ಭೇಟಿ, ರಾತ್ರಿಯ ಕರೆಗೆ ಅದೇ ಆಂಬುಲೆನ್ಸ್ ಪಡೆಯಬಹುದು. ಮನೆ ಬಿಟ್ಟು ಬರಲೊಲ್ಲದವರೂ ಒಳಗಾಗುತ್ತಾರೆ. ಅವರ ಸಂಖ್ಯೆಯೇ ದೊಡ್ಡದು.

ಇದನ್ನು ನಡೆಸಬೇಕಾದವರು ಯಾರು ಎಂಬುದಕ್ಕೆ ಈ ಜಿಲ್ಲೆ ಬೇರೆ ಕಡೆ ನೋಡಬೇಕಾಗಿಲ್ಲ. ಕೆನರಾ ಬ್ಯಾಂಕ್ 1906ರಲ್ಲಿ, ಮಂಗಳೂರು ಕೆಥೊಲಿಕ್ ಸಹಕಾರಿ ಬ್ಯಾಂಕ್ 1912ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಹಳ್ಳಿ ಹಳ್ಳಿಯಿಂದ ಲೀಟರ್ ಲೆಕ್ಕದಲ್ಲಿ ಹಾಲು ಕೊಡುವವರೇ ಒಡೆಯರಾಗಿರುವ ಒಕ್ಕೂಟದ ಡೈರಿ ಇರುವುದು ಕುಲಶೇಖರದಲ್ಲೇ. ನಿವಾಸಿಗಳೂ ಚಂದಾದಾರರೂ ಷೇರುದಾರರಾಗಿ, ಅಡುಗೆಯವರನ್ನೂ ಮ್ಯಾನೇಜರನ್ನೂ ತಾವೇ ನೇಮಿಸಿ, ಮೇಂಟೆನೆನ್ಸ್ ಏರಿಕೆಯನ್ನು ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮುಂದಿಟ್ಟು ತೀರ್ಮಾನಿಸುವ ಸಹಕಾರಿ ಸಂಘವೊಂದು ಇಲ್ಲಿ ಹುಟ್ಟಬಹುದು. ನಿವೃತ್ತ ಬ್ಯಾಂಕ್ ಮ್ಯಾನೇಜರುಗಳು, ದಾದಿಯರು, ಎಂಜಿನಿಯರುಗಳು, ಮೇಷ್ಟ್ರುಗಳು ಇದೇ ವಾರ್ಡಿನಲ್ಲಿದ್ದಾರೆ. ಅರವತ್ತೆರಡರಲ್ಲಿ ಲೆಕ್ಕ ನೋಡಿಕೊಳ್ಳುವವರು ಎಂಬತ್ತೆರಡರಲ್ಲಿ ಅದೇ ಸಂಘದ ಆರೈಕೆ ಪಡೆಯುತ್ತಾರೆ. ಮುಂದಿನ ಡಿಸೆಂಬರಿನಲ್ಲಿ ಮಕ್ಕಳು ಊರಿಗೆ ಬಂದಾಗ ಮೊದಲ ಸಭೆ ಕರೆಯಬಹುದು; ಷೇರು ಹಣ ಹಾಕಲು ಮುಂದೆ ಬರುವವರಲ್ಲಿ ಅವರೇ ಮೊದಲಿಗರಾದಾರು.