ಗಾಡಿ ‘ಪಾಸಿಂಗ್’ ಆಯ್ತೇನ್ರೀ?

ಮಹಾನವಮಿಯ ಖಂಡೇಪೂಜೆಯ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕರಲ್ಲಿ ಯಾವ ಊರಿನ ಯಾವ ಓಣಿಗೆ ಹೋದರೂ ನೋಟ ಒಂದೇ. ಟಂಟಂ, ಕ್ರೂಸರ್, ಲಾರಿ, ಟ್ರ್ಯಾಕ್ಟರ್‌ಗಳು ಮೈ ತೊಳೆಸಿಕೊಂಡು, ವಿಭೂತಿ ಬಳಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಸಾಲಾಗಿ ನಿಂತಿರುತ್ತವೆ. ಪ್ರತಿ ಚಕ್ರದಡಿಗೂ ಒಂದೊಂದು ಲಿಂಬೆಹಣ್ಣು. ಲಿಂಬೆಗೆ ಹೆಸರಾದ ಸೀಮೆಯಲ್ಲಿ ಅದಕ್ಕೇನು ಬರ? ಗಾಡಿ ಮುಂದೆ ಸರಿದು ಹಣ್ಣು ‘ಪಚಕ್’ ಎಂದರೆ ವರ್ಷದ ಕಂಟಕ ಕಳೆಯಿತೆಂದು ಲೆಕ್ಕ.

ಆದರೆ ಲಿಂಬೆಹಣ್ಣು ಇಡಲು ಬಗ್ಗಿದವರಲ್ಲಿ ಎಷ್ಟು ಜನ ಆ ಚಕ್ರವನ್ನೇ ಕಣ್ಣಿಟ್ಟು ನೋಡುತ್ತಾರೆ? ಟೈರಿನ ಗೆರೆಗಳು ಸವೆದು ನುಣ್ಣಗಾಗಿವೆಯೇ, ಒಳಬದಿಯಲ್ಲಿ ಬ್ರೇಕ್ ಎಣ್ಣೆ ಜಿನುಗುತ್ತಿದೆಯೇ ಎಂದು ನೋಡುವ ಕೆಲಸಕ್ಕೆ ಸರ್ಕಾರ ಬೇರೆಯದೇ ಒಂದು ದಿನ ಗೊತ್ತುಮಾಡಿದೆ. ಕಾಗದದಲ್ಲಿ ಅದಕ್ಕೆ ‘ಅರ್ಹತಾ ಪತ್ರ’ ಎಂದು ಹೆಸರು. ಎಲ್ಲರ ಬಾಯಲ್ಲಿ ಅದು ಎಫ್.ಸಿ. ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಸೀಮೆಯಲ್ಲಿ ‘ಪಾಸಿಂಗ್’. ಹೆಸರಿನಲ್ಲೇ ಶಾಲೆಯ ಪರೀಕ್ಷೆಯ ವಾಸನೆ ಇದೆ. ತೊಂದರೆಯೂ ಅಲ್ಲಿಯೇ ಇದೆ. ಪರೀಕ್ಷೆ ಮುಗಿದ ಮರುದಿನ ಪುಸ್ತಕ ಅಟ್ಟ ಸೇರುತ್ತದಲ್ಲ, ಹಾಗೆ!

ಕಾಯ್ದೆ ಏನು ಹೇಳುತ್ತದೆ?

ವಾಹನಗಳ ಅರ್ಹತಾ ಪತ್ರ ಹೊಸ ವಿಚಾರವಲ್ಲ. 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಅದಿತ್ತು. ಈಗ ಜಾರಿಯಲ್ಲಿರುವುದು 1988ರ ಕಾಯ್ದೆ. ಅದರ 56ನೇ ಕಲಮಿನ ಪ್ರಕಾರ, ಬಾಡಿಗೆಗೆ ಜನರನ್ನೋ ಸರಕನ್ನೋ ಹೊರುವ ಯಾವುದೇ ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ ಇಲ್ಲದಿದ್ದರೆ ಅದರ ನೋಂದಣಿಯೇ ಊರ್ಜಿತವಲ್ಲ. ಅಂದರೆ ಹಿಂದೆ ಮುಂದೆ ಕೆಎ-28 ಎಂಬ ಫಲಕ ಎಷ್ಟೇ ಚೆಂದವಾಗಿ ಬರೆಸಿದ್ದರೂ, ಎಫ್.ಸಿ. ಮುಗಿದ ಮರುದಿನದಿಂದ ಕಾನೂನಿನ ಕಣ್ಣಿಗೆ ಅದು ನಂಬರಿಲ್ಲದ ಗಾಡಿ.

ಹೊಸ ಸಾರಿಗೆ ವಾಹನಕ್ಕೆ ಮೊದಲು ಎರಡು ವರ್ಷದ ಎಫ್.ಸಿ. ಸಿಗುತ್ತದೆ. ಅನಂತರ ವರ್ಷಕ್ಕೊಮ್ಮೆ ನವೀಕರಣ ಎಂಬುದು ಬಹುಕಾಲ ನಡೆದುಬಂದ ಪದ್ಧತಿ. 2018ರ ತಿದ್ದುಪಡಿಯಲ್ಲಿ ಇದು ತುಸು ಸಡಿಲವಾಯಿತು. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿವರ್ಷ. ನಮ್ಮ ತಾಲ್ಲೂಕುಗಳಲ್ಲಿ ಎರಡನೆಯ ಮೂರನೆಯ ಕೈಗೆ ಬಂದ ಗಾಡಿಗಳೇ ಹೆಚ್ಚು ಓಡುವುದರಿಂದ ವರ್ಷದ ಲೆಕ್ಕವೇ ಬಹಳ ಜನರಿಗೆ ಅನ್ವಯಿಸುತ್ತದೆ.

ಪರೀಕ್ಷೆ ಮಾಡುವವರು ಮೋಟಾರು ವಾಹನ ನಿರೀಕ್ಷಕರು. ಜನ ಅವರನ್ನು ಕರೆಯುವುದು ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ. ಈ ಹೆಸರನ್ನು ಯಾವ ಸರ್ಕಾರವೂ ಇಟ್ಟದ್ದಲ್ಲ, ಆದರೆ ಸರಿಯಾದ ಹೆಸರು. ಬ್ರೇಕು, ಸ್ಟೇರಿಂಗು, ಟೈರು, ದೀಪ, ಹಾರ್ನು, ವೈಪರು, ಹಿಂದಿನ ಪ್ರತಿಫಲಕ ಪಟ್ಟಿ, ವೇಗಮಿತಿ ಸಾಧನ, ಹೊಗೆ, ಚಾಸಿಸ್ ನಂಬರು ಹೀಗೆ ನೋಡಬೇಕಾದ ಪಟ್ಟಿ ಉದ್ದವಿದೆ. ಆದರೂ ಜೀವ ಉಳಿಸುವ ವಿಷಯದಲ್ಲಿ ಬ್ರೇಕಿನದೇ ಅಗ್ರಪೂಜೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗುತ್ತದೆ. ಬ್ರೇಕು ಒಂದೇ ಒಂದು ಸೆಕೆಂಡು ತಡವಾಗಿ ಹಿಡಿದರೆ, ರಸ್ತೆ ದಾಟುವ ಮಗುವಿಗೂ ಗಾಡಿಗೂ ನಡುವೆ ಉಳಿಯಬೇಕಾಗಿದ್ದ ಜಾಗವೇ ಇಲ್ಲವಾಗುತ್ತದೆ.

ಎಂಬತ್ತು ಕಿಲೋಮೀಟರಿನಾಚೆ ಪರೀಕ್ಷೆ

ಕೆಎ-28 ಎಂಬುದು ವಿಜಯಪುರದ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಖ್ಯೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, ಅಲ್ಲಿನ ವಾಹನಗಳ ಸಂಖ್ಯೆ ಕೆಎ-29. ಇತ್ತ ಉಳಿದ ತಾಲ್ಲೂಕುಗಳ ಜನರಿಗೆ ಆರ್.ಟಿ.ಓ. ಎಂದರೆ ವಿಜಯಪುರವೇ. ಬಸವನ ಬಾಗೇವಾಡಿಯಿಂದ ಅಲ್ಲಿಗೆ ಸುಮಾರು 43 ಕಿಲೋಮೀಟರ್. ಇಂಡಿಯಿಂದ 55ರ ಹತ್ತಿರ, ಸಿಂದಗಿಯಿಂದ 60. ಮುದ್ದೇಬಿಹಾಳದಿಂದ 80. ಇವು ಪಟ್ಟಣಗಳ ಲೆಕ್ಕ. ನಾಲತವಾಡದ ಟಂಟಂ ಮಾಲೀಕನಿಗೋ, ಭೀಮಾತೀರದ ಹಳ್ಳಿಯ ಗೂಡ್ಸ್ ಗಾಡಿಯವನಿಗೋ ದಾರಿ ಇನ್ನೂ ದೂರ.

ಮುದ್ದೇಬಿಹಾಳದ ಟಂಟಂ ಎಂದರೆ ಹೋಗಿಬರಲು 160 ಕಿಲೋಮೀಟರ್. ಊರಿಂದ ಸಂತೆಗೆ, ಸಂತೆಯಿಂದ ಊರಿಗೆ ಓಡುವ ಆ ಪುಟ್ಟ ಮೂರುಗಾಲಿಗೆ ಅದೊಂದು ಮಹಾಯಾತ್ರೆ. ಡೀಸೆಲ್ ಖರ್ಚು ಒಂದು ಕಡೆ, ಆ ದಿನದ ದುಡಿಮೆ ಹೋದದ್ದು ಇನ್ನೊಂದು ಕಡೆ. ಅಲ್ಲಿ ಹೋದಾಗ ಒಂದು ದೀಪ ಉರಿಯಲಿಲ್ಲ, ಹಿಂದಿನ ಪಟ್ಟಿ ಹರಿದಿದೆ ಎಂದು ಹಿಂದೆ ಕಳಿಸಿದರೆ ಎರಡನೆಯ ದಿನವೂ ಹೋಯಿತು. ದಿನದ ಗಳಿಕೆಯಲ್ಲಿ ಮನೆ ನಡೆಸಬೇಕು, ಸಾಲದ ಕಂತೂ ಕಟ್ಟಬೇಕು ಎನ್ನುವವನಿಗೆ ಇದು ಸಣ್ಣ ಮಾತಲ್ಲ.

ಹೀಗಾಗಿ ಎರಡು ರೋಗಗಳು ಹುಟ್ಟಿಕೊಂಡಿವೆ. ಒಂದು, ‘ಮುಂದಿನ ತಿಂಗಳು ನೋಡೋಣ’ ಎಂದು ಎಫ್.ಸಿ.ಯನ್ನೇ ಮುಂದೂಡುವುದು. ಇನ್ನೊಂದು, ಪರೀಕ್ಷೆಯ ದಿನಕ್ಕಾಗಿಯೇ ಗಾಡಿಗೆ ವೇಷ ಹಾಕುವುದು. ಬೇರೊಬ್ಬರ ಗಾಡಿಯ ಒಳ್ಳೆಯ ಟೈರು ಬಿಚ್ಚಿ ತಂದು ಹಾಕಿಕೊಂಡು, ಬಣ್ಣ ಬಳಿದು, ಪಟ್ಟಿ ಅಂಟಿಸಿ ಪಾಸು ಮಾಡಿಸಿಕೊಂಡು ಬಂದು, ಸಂಜೆಗೆ ಮತ್ತೆ ಹಳೆಯ ಟೈರು ಏರಿಸುವ ಜಾಣತನ ಗ್ಯಾರೇಜುಗಳಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ನಿರೀಕ್ಷಕರು ನೋಡಿದ್ದು ಒಂದು ಗಾಡಿ, ಮರುದಿನ ಹತ್ತು ಹದಿನೈದು ಮಂದಿ ಕೂಲಿ ಹೆಣ್ಣುಮಕ್ಕಳನ್ನು ತೊಗರಿ ಹೊಲಕ್ಕೆ ಹೊತ್ತೊಯ್ಯುವುದು ಇನ್ನೊಂದು ಗಾಡಿ!

ಈ ಜಾಣತನದ ಬೆಲೆ ಗೊತ್ತಾಗುವುದು ಅಪಘಾತವಾದ ದಿನ. ಎಫ್.ಸಿ. ಇಲ್ಲದ ಗಾಡಿ ಎಂದಾಗ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಹಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು, ಗಾಯಾಳುವಿಗೆ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿವೆ. ಒಂದು ದಿನದ ದುಡಿಮೆ ಉಳಿಸಲು ಹೋದವನ ಹೊಲ ಮನೆಗೇ ಕುತ್ತು ಬರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, ಆಗ ಎಫ್.ಸಿ.ಗೆ ಓಡಿ ಫಲವಿಲ್ಲ.

ಪರೀಕ್ಷೆಗೇ ಬಾರದವು

ಇಷ್ಟೆಲ್ಲ ಸಾರಿಗೆ ವಾಹನಗಳ ಮಾತಾಯಿತು. ಸ್ವಂತದ ಕಾರು, ಬೈಕುಗಳಿಗೆ ವರ್ಷದ ಪರೀಕ್ಷೆ ಇಲ್ಲವೇ ಇಲ್ಲ. ಅವುಗಳ ನೋಂದಣಿ 15 ವರ್ಷ ನಡೆಯುತ್ತದೆ. ಅನಂತರ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಬ್ರಿಟನ್ನಿನಲ್ಲಿ 1960ರಿಂದಲೂ ಖಾಸಗಿ ಕಾರುಗಳ ಪರೀಕ್ಷೆ ಕಡ್ಡಾಯ. ಅಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿವರ್ಷ ಪರೀಕ್ಷೆಗೆ ನಿಲ್ಲಬೇಕು. ಆದರೆ ಅದಕ್ಕಾಗಿ ದೂರದ ಕಚೇರಿಗೆ ಹೋಗಬೇಕಾಗಿಲ್ಲ. ಸರ್ಕಾರದ ಮಾನ್ಯತೆ ಪಡೆದ ತಮ್ಮೂರಿನ ಗ್ಯಾರೇಜಿನಲ್ಲೇ ಆಗುತ್ತದೆ. ಕಾನೂನು ಬಿಗಿ, ಕೇಂದ್ರ ಹತ್ತಿರ. ಈ ಎರಡೂ ಜೊತೆಗೇ ಇದ್ದರೆ ಮಾತ್ರ ಪರೀಕ್ಷೆಗೆ ಅರ್ಥ ಬರುತ್ತದೆ.

ಇನ್ನು ಟ್ರ್ಯಾಕ್ಟರ್. ಕೃಷಿ ಟ್ರ್ಯಾಕ್ಟರನ್ನು ನಿಯಮಗಳು ಸಾರಿಗೆಯೇತರ ವಾಹನವೆಂದು ಕರೆಯುತ್ತವೆ. ರೈತನಿಗೆ ತೊಂದರೆಯಾಗದಿರಲಿ ಎಂಬ ಸದುದ್ದೇಶ ಅದರ ಹಿಂದಿದೆ. ಆದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಒಮ್ಮೆ ರಾತ್ರಿ ಪ್ರಯಾಣ ಮಾಡಿದವರಿಗೆ ಗೊತ್ತು, ಎರಡೆರಡು ಟ್ರೇಲರ್ ಎಳೆಯುತ್ತ, ಎರಡೂ ಬದಿಗೆ ಕಬ್ಬು ಚಾಚಿಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಒಂದು ಕೆಂಪು ದೀಪವೂ ಇಲ್ಲದಿದ್ದರೆ ಏನಾಗುತ್ತದೆ ಎಂದು. ಕತ್ತಲಲ್ಲಿ ಅದು ಗಾಡಿಯಾಗಿ ಕಾಣುವುದಿಲ್ಲ, ಕತ್ತಲೆಯಾಗಿಯೇ ಕಾಣುತ್ತದೆ. ಬೈಕಿನವನಿಗೆ ಅದು ಕಂಡಾಗ ತಡವಾಗಿರುತ್ತದೆ. ಇದಕ್ಕೆ ಎಫ್.ಸಿ. ಬೇಡ, ಆರ್.ಟಿ.ಓ. ಬೇಡ. ಕೆಂಪು ಪ್ರತಿಫಲಕ ಪಟ್ಟಿಯ ಒಂದು ಸುರುಳಿ ಸಾಕು. ಕಬ್ಬು ತೂಗುವ ಮುನ್ನ ಪಟ್ಟಿ ಇದೆಯೇ ಎಂದು ಕಾರ್ಖಾನೆಯ ಬಾಗಿಲಲ್ಲೇ ನೋಡುವ ಪದ್ಧತಿ ಎಲ್ಲ ಕಡೆ ಗಟ್ಟಿಯಾದರೆ ಎಷ್ಟೋ ಜೀವ ಉಳಿದಾವು.

ಯಂತ್ರದ ಕಣ್ಣು

ನಿರೀಕ್ಷಕರ ಕಣ್ಣಂದಾಜಿನ ಜಾಗದಲ್ಲಿ ಯಂತ್ರ ಕೂರಿಸುವ ಕೆಲಸ ಈಗ ನಡೆದಿದೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2021ರಲ್ಲಿ. ಅಲ್ಲಿ ಗಾಡಿಯ ಚಕ್ರಗಳನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕ್ ತುಳಿಸುತ್ತಾರೆ. ಯಾವ ಚಕ್ರ ಎಷ್ಟು ಹಿಡಿಯಿತು, ಎಡಕ್ಕೂ ಬಲಕ್ಕೂ ವ್ಯತ್ಯಾಸವೆಷ್ಟು ಎಂಬುದನ್ನು ಯಂತ್ರವೇ ಅಳೆಯುತ್ತದೆ. ದೀಪದ ಬೆಳಕು ಎದುರಿನವನ ಕಣ್ಣಿಗೆ ಬೀಳುತ್ತದೆಯೇ, ಹೊಗೆ ಎಷ್ಟು ದಟ್ಟವಾಗಿದೆ ಎಂಬುದಕ್ಕೂ ಅಳತೆಯಿದೆ. ಅಲ್ಲಿ ಮುಖ ನೋಡಿ ಮಣೆ ಹಾಕುವ ಮಾತಿಲ್ಲ, ಮಧ್ಯವರ್ತಿಯ ಕೈವಾಡಕ್ಕೆ ಜಾಗ ಕಡಿಮೆ. ಭಾರಿ ವಾಹನಗಳಿಗೆ 2023ರ ಏಪ್ರಿಲ್‌ನಿಂದ ಇದು ಕಡ್ಡಾಯ ಎಂದು ಮೊದಲು ಹೇಳಿ, ಕೇಂದ್ರಗಳು ಸಾಲದೆ 2024ರ ಅಕ್ಟೋಬರ್‌ಗೆ ಮುಂದೂಡಿದ್ದು ನೆನಪಿರಬಹುದು.

ಯಂತ್ರ ಒಳ್ಳೆಯದೇ. ಆದರೆ ಯಂತ್ರ ದೂರದಲ್ಲಿದ್ದರೆ ಹಳೆಯ ರೋಗ ಹಾಗೆಯೇ ಉಳಿಯುತ್ತದೆ. ನಾಲ್ಕೂ ಪಟ್ಟಣಗಳಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋಗಳಿವೆ. ಗಾಡಿಯ ಅಡಿಗೆ ಇಳಿದು ನೋಡಲು ಡಿಪೋದಲ್ಲಿ ಗುಂಡಿ ಇರುತ್ತದೆ, ಕೆಲಸ ಬಲ್ಲ ಕೈಗಳೂ ಇರುತ್ತವೆ. ತಿಂಗಳಿಗೆ ಗೊತ್ತಾದ ಒಂದೆರಡು ದಿನ ನಿರೀಕ್ಷಕರು ತಾಲ್ಲೂಕಿಗೇ ಬಂದು ಅಲ್ಲಿ ಸಣ್ಣ ಗಾಡಿಗಳನ್ನಾದರೂ ನೋಡುವಂತಾದರೆ, 160 ಕಿಲೋಮೀಟರ್ ಓಡಾಟ ತಪ್ಪುತ್ತದೆ. ಒಂದು ದೀಪಕ್ಕಾಗಿ ಹಿಂದೆ ಕಳಿಸಿದರೂ ಮಧ್ಯಾಹ್ನದೊಳಗೆ ಹಾಕಿಸಿಕೊಂಡು ಮತ್ತೆ ನಿಲ್ಲಬಹುದು. ಹತ್ತಿರದ ಪರೀಕ್ಷೆಗೆ ಯಾರೂ ವೇಷ ಕಟ್ಟುವುದಿಲ್ಲ, ದುರಸ್ತಿ ಮಾಡಿಸುತ್ತಾರೆ.

ಪಾಸಿಂಗಿಗೆ ಹೊರಡುವ ಮುನ್ನ

* ಎಫ್.ಸಿ. ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಗಿಯುವುದಕ್ಕೆ ಒಂದು ತಿಂಗಳ ಮೊದಲೇ ಗಾಡಿಯನ್ನು ನಿಮ್ಮ ಮಿಸ್ತ್ರಿಗೆ ತೋರಿಸಿ.

* ಅರ್ಜಿ, ಶುಲ್ಕ, ದಿನ ಗೊತ್ತುಮಾಡುವುದು ‘ಪರಿವಾಹನ್’ ಜಾಲತಾಣದಲ್ಲಿ ಆಗುತ್ತದೆ. ಹಳೆಯ ವಾಹನಗಳ ಶುಲ್ಕ 2022ರಲ್ಲಿ ಏರಿ, 2025ರಲ್ಲಿ ಮತ್ತೆ ಬದಲಾಗಿದೆ. ಆದ್ದರಿಂದ ಹೋದ ವರ್ಷದ ಲೆಕ್ಕವನ್ನೇ ನಂಬಿ ಹೊರಡಬೇಡಿ.

* ಇಲಾಖೆಯವರು ತಾಲ್ಲೂಕು ಕೇಂದ್ರಕ್ಕೆ ಶಿಬಿರಕ್ಕೆ ಬರುವ ದಿನವಿದೆಯೇ, ಆ ದಿನ ಎಫ್.ಸಿ. ಕೆಲಸವನ್ನೂ ಮಾಡುತ್ತಾರೆಯೇ, ನಿಮ್ಮ ವಾಹನಕ್ಕೆ ಯಾವ ಪರೀಕ್ಷಾ ಕೇಂದ್ರ ಎಂಬುದನ್ನು ವಿಜಯಪುರದ ಕಚೇರಿಯಲ್ಲಿ ಕೇಳಿಕೊಂಡೇ ಗಾಡಿ ಹೊರಡಿಸಿ.

* ವಿಮೆ, ತೆರಿಗೆ, ಪರವಾನಗಿ, ಹೊಗೆ ತಪಾಸಣೆ ಪತ್ರಗಳ ಅವಧಿ ನೋಡಿಕೊಳ್ಳಿ. ಹೊಗೆ ತಪಾಸಣೆಗೆ ಮಾತ್ರ ದೂರ ಹೋಗಬೇಕಿಲ್ಲ, ನಿಮ್ಮ ಪಟ್ಟಣದ ಮಾನ್ಯತೆ ಪಡೆದ ಕೇಂದ್ರದಲ್ಲೇ ಆಗುತ್ತದೆ. ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ಅದು ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು ನಡೆಯುತ್ತದೆ.

* ಟೈರಿನ ಗೆರೆಯ ಆಳ ಕಾರು, ಲಾರಿಗಳಲ್ಲಿ 1.6 ಮಿಲಿಮೀಟರಿಗಿಂತ, ಎರಡು ಮತ್ತು ಮೂರು ಚಕ್ರದ ಗಾಡಿಗಳಲ್ಲಿ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಳೆಯಲು ಯಂತ್ರ ಬೇಡ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಅದರ ಆಯುಷ್ಯ ಮುಗಿಯಿತು.

* ಶಾಲಾ ಮಕ್ಕಳನ್ನು ಒಯ್ಯುವ ವಾಹನಗಳಿಗೆ ರಾಜ್ಯದಲ್ಲಿ 2012ರಿಂದ ಪ್ರತ್ಯೇಕ ನಿಯಮಗಳಿವೆ. ಬೆಂಕಿ ಆರಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಯೇ ಎಂದು ತಂದೆತಾಯಿಗಳೂ ಕೇಳಬಹುದು. ಗಾಡಿಯ ಎಫ್.ಸಿ. ಯಾವಾಗ ಮುಗಿಯುತ್ತದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎತ್ತಿನ ಗಾಡಿಯ ಪಾಠ

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಯಾವ ಇನ್‌ಸ್ಪೆಕ್ಟರಿಗೂ ಕಾಯುತ್ತಿರಲಿಲ್ಲ. ಸಂತೆಗೆ ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಕಡೆಗೀಲು ಬಿಗಿಯಿದೆಯೇ ಎಂದು ಕೈಯಿಂದ ಅಲುಗಾಡಿಸಿ, ಎತ್ತಿನ ಕಾಲಿನ ಲಾಳ ನೋಡಿಯೇ ನೊಗ ಏರಿಸುತ್ತಿದ್ದರು. ಅದು ಪ್ರತಿದಿನದ ಪಾಸಿಂಗ್. ಗಾಡಿ ಓಡಿಸುವವನಿಗೆ ತನ್ನ ಮಕ್ಕಳೇ ಹಿಂದೆ ಕೂತಿದ್ದಾರೆಂಬ ಎಚ್ಚರ ಇರುತ್ತಿತ್ತು.

ಈಗ ಗಾಡಿ ಬದಲಾಗಿದೆ, ವೇಗ ಬದಲಾಗಿದೆ. ಹಿಂದೆ ಕೂತವರು ಬೇರೆಯವರ ಮಕ್ಕಳು. ಕಾಯ್ದೆಯೂ ಅರ್ಹತಾ ಪತ್ರವನ್ನು ವರ್ಷದ ಖಾತರಿ ಎಂದು ಹೇಳಿಲ್ಲ. ಗಾಡಿ ಕೆಟ್ಟ ಸ್ಥಿತಿಯಲ್ಲಿದೆ ಎಂದು ಕಂಡರೆ ಅವಧಿಯ ನಡುವೆಯೇ ಅದನ್ನು ರದ್ದುಮಾಡುವ ಅಧಿಕಾರ ಅದೇ 56ನೇ ಕಲಮಿನಲ್ಲಿದೆ. ನಿರೀಕ್ಷಕರು ಸಹಿ ಹಾಕಿದ್ದು ಆ ಹೊತ್ತಿನ ಗಾಡಿಗೆ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಸಹಿ ಹಾಕಬೇಕಾದವನು ಬೆಳಿಗ್ಗೆ ಬೀಗದ ಕೈ ಹಿಡಿದು ಗಾಡಿಯ ಬಳಿ ಬರುವವನು. ಐದು ನಿಮಿಷ ಸುತ್ತು ಹಾಕಿ, ನಾಲ್ಕು ಚಕ್ರ ನೋಡಿ, ಒಮ್ಮೆ ಬ್ರೇಕು ತುಳಿದು ಹೊರಟರೆ ಆ ದಿನದ ಪಾಸಿಂಗ್ ಆದಂತೆ.